ಎಡಗೈಯ ಆಟಗಾರ: ಟೇಬಲ್ ಟೆನ್ನಿಸ್ ಚರಿತ್ರೆಯ ಒಂದು ಅಧ್ಯಾಯ

ಅರ್ಜುನನಿಗೆ ನಮ್ಮ ಕಾವ್ಯಪರಂಪರೆಯಲ್ಲಿ ಸಂದ ಹೆಸರುಗಳಲ್ಲಿ ‘ಸವ್ಯಸಾಚಿ’ ಎಂಬುದೂ ಒಂದು. ಎಡಗೈಯಿಂದಲೂ ಬಾಣವನ್ನು ಬಿಡಬಲ್ಲವನು ಎಂದು ಅದರ ಅರ್ಥ. ಕಾವ್ಯದಲ್ಲಿ ಹೀಗೆ ಬಿರುದಾಗಿ ಮೆರೆದ ಎಡಗೈ, ನಮ್ಮ ಮನೆಯ ಊಟದ ಎಲೆಯ ಮುಂದೆ ಮತ್ತು ಶಾಲೆಯ ಸ್ಲೇಟಿನ ಮೇಲೆ ಮಾತ್ರ ದೋಷವೆನಿಸಿಕೊಂಡಿತು. ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು ‘ಎಡಚ’ನೆಂದು ಕರೆದು, ಬೆರಳಿನ ಮೇಲೆ ಏಟು ಕೊಟ್ಟು, ಬಲಗೈಗೆ ತಿದ್ದಿದ ಉಪಾಧ್ಯಾಯರೆಷ್ಟು ಮಂದಿ! ಆ ತಿದ್ದುವಿಕೆಯಲ್ಲಿ ನಾವು ಕಳೆದುಕೊಂಡುದೇನು ಎಂಬುದನ್ನು ಅರಿಯಲು ಆಟಗಳ ಚರಿತ್ರೆಯನ್ನು ನೋಡಬೇಕು. ಅದರಲ್ಲಿಯೂ ಟೇಬಲ್ ಟೆನ್ನಿಸ್ ಆಟದ ಚರಿತ್ರೆಯನ್ನು.

ಈ ಆಟವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ, ಊಟವಾದ ಬಳಿಕ ಹೊತ್ತು ಕಳೆಯುವ ವಿನೋದವಾಗಿ ಹುಟ್ಟಿತು. 1926ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಫೆಡರೇಷನ್ ಸ್ಥಾಪಿತವಾದಾಗ ಅದರ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದಾಗಿತ್ತು ಎಂಬುದು ನಮಗೆ ಹೆಮ್ಮೆಯ ಮಾತು. ಅಂದಿನ ಬ್ಯಾಟು ಬಹಳ ಸರಳವಾದದ್ದು: ಮರದ ಹಲಗೆ, ಅದರ ಮೇಲೆ ಗುಬುಟುಗಳುಳ್ಳ ತೆಳುವಾದ ರಬ್ಬರು. ಚೆಂಡು ನಿಧಾನವಾಗಿ ಹೋಗುತ್ತಿತ್ತು, ನಿಧಾನವಾಗಿ ಬರುತ್ತಿತ್ತು. 1936ರಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಪೋಲೆಂಡಿನ ಎಹ್ರ್ಲಿಕ್ ಮತ್ತು ರುಮೇನಿಯಾದ ಪಾನೆತ್ ಎಂಬವರು ಮೊದಲ ಒಂದೇ ಒಂದು ಅಂಕಕ್ಕಾಗಿ ಎರಡು ಗಂಟೆಗೂ ಮೀರಿ ಚೆಂಡನ್ನು ಅತ್ತಿಂದಿತ್ತ ದಾಟಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅಷ್ಟು ಸಾವಕಾಶವಿರುವ ಆಟದಲ್ಲಿ ಎದುರಾಳಿ ಯಾವ ಕೈಯವನಾದರೇನು? ಯೋಚಿಸಲು, ಹೊಂದಿಕೊಳ್ಳಲು ಬೇಕಾದಷ್ಟು ವೇಳೆಯಿತ್ತು.

ಈ ಸ್ಥಿತಿ ಬದಲಾದುದು ನಮ್ಮ ದೇಶದ ನೆಲದಲ್ಲಿಯೇ. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಸ್ಪರ್ಧೆ ನಡೆಯಿತು. ಏಷ್ಯಾ ಖಂಡದಲ್ಲಿ ಅದೇ ಮೊದಲನೆಯದು. ಜಪಾನಿನ ಹಿರೋಜಿ ಸಾತೊ ಎಂಬಾತ ದಪ್ಪ ಸ್ಪಂಜನ್ನು ಅಂಟಿಸಿದ ಬ್ಯಾಟನ್ನು ತಂದನು. ಚೆಂಡು ತಗಲಿದ ಸದ್ದು ಕೇಳಿಸದು, ಅದರ ವೇಗ ತಿಳಿಯದು. ಅನುಭವಶಾಲಿಗಳಾದ ಆಟಗಾರರು ಕಂಗೆಟ್ಟರು, ಸಾತೊ ವಿಶ್ವವಿಜೇತನಾದನು. 1959ರಲ್ಲಿ ನಿಯಮವನ್ನು ಮಾಡಿ, ಸ್ಪಂಜು ಮತ್ತು ರಬ್ಬರು ಸೇರಿ 4 ಮಿಲಿಮೀಟರಿಗಿಂತ ದಪ್ಪವಾಗಿರಕೂಡದೆಂದು ಮಿತಿ ಹಾಕಿದರು. ಆದರೆ ಆಟಕ್ಕೆ ಬಂದ ವೇಗ ಹಿಂದಿರುಗಿ ಹೋಗಲಿಲ್ಲ. ಇನ್ನು ಮುಂದೆ ಆಟಗಾರನು ಯೋಚಿಸಿ ಹೊಡೆಯುವಂತಿರಲಿಲ್ಲ, ಅಭ್ಯಾಸಬಲದಿಂದಲೇ ಹೊಡೆಯಬೇಕಾಯಿತು.

ಎಡಗೈಯ ಬೆಲೆ ಏರಿದುದಕ್ಕೆ ಮುಖ್ಯ ಕಾರಣ ಇದೇ ಎನ್ನಬಹುದು. ಮನುಷ್ಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈಯವರು. ಬಲಗೈಯವನು ತನ್ನಂಥವರೊಡನೆಯೇ ದಿನವೂ ಆಡಿ ಬೆಳೆಯುತ್ತಾನೆ. ಎಡಗೈಯವನು ಅವನಿಗೆ ಅಪರೂಪದ ಅತಿಥಿ. ಎಡಗೈಯವನಿಗಾದರೋ ಎದುರು ನಿಲ್ಲುವವರೆಲ್ಲರೂ ಬಲಗೈಯವರೇ. ಅವರ ಅಭ್ಯಾಸ ಅವನಿಗೆ ಬಾಲ್ಯದಿಂದಲೂ ಆಗಿರುತ್ತದೆ. ಹಲವು ಚೆಂಡಾಟಗಳನ್ನು ಹೋಲಿಸಿ ನೋಡಿದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಚೆಂಡಿಗೆ ಪ್ರತಿಯಾಗಿ ಹೊಡೆಯಲು ದೊರೆಯುವ ವೇಳೆ ಕಡಿಮೆಯಾದಂತೆ ಶ್ರೇಷ್ಠ ಆಟಗಾರರಲ್ಲಿ ಎಡಗೈಯವರ ಪಾಲು ಹೆಚ್ಚುತ್ತದೆಂದು ತೋರಿಸಿತು. ಟೇಬಲ್ ಟೆನ್ನಿಸ್ಸಿನ ಅಗ್ರ ಆಟಗಾರರಲ್ಲಿ ಆ ಪಾಲು ಸುಮಾರು ಕಾಲು ಭಾಗ. ಎಂದರೆ ಬಲವಿರುವುದು ಕೈಯಲ್ಲಲ್ಲ, ಅದರ ವಿರಳತೆಯಲ್ಲಿ.

ವಿರಳತೆಯ ಜೊತೆಗೆ ಮೇಜಿನ ರೇಖಾಗಣಿತವೂ ಸೇರುತ್ತದೆ. ಮೇಜಿನ ಉದ್ದ 9 ಅಡಿ, ಅಗಲ 5 ಅಡಿ. ಮೂಲೆಯಿಂದ ಮೂಲೆಗೆ ಎಳೆದ ಕರ್ಣರೇಖೆ 10 ಅಡಿಗಿಂತ ತುಸು ಹೆಚ್ಚು. ಉದ್ದ ಹೆಚ್ಚಾದುದರಿಂದ ಕರ್ಣದ ಹೊಡೆತವೇ ಸುರಕ್ಷಿತ. ಬಲಗೈಯವರಿಬ್ಬರು ಆಡಿದಾಗ ಒಬ್ಬನ ಫೋರ್‌ಹ್ಯಾಂಡ್ ಕರ್ಣವು ಇನ್ನೊಬ್ಬನ ಫೋರ್‌ಹ್ಯಾಂಡಿಗೇ ಹೋಗುತ್ತದೆ. ಒಬ್ಬನು ಎಡಗೈಯವನಾದರೆ ಅದೇ ಹೊಡೆತ ಬ್ಯಾಕ್‌ಹ್ಯಾಂಡಿಗೆ ಹೋಗಿ ಬೀಳುತ್ತದೆ. ಈ ಲಾಭ ಇಬ್ಬರಿಗೂ ಸಮ. ಆದರೆ ಅದರ ಅಭ್ಯಾಸವಿರುವುದು ಒಬ್ಬನಿಗೆ ಮಾತ್ರ. ಸರ್ವೀಸಿನ ಮಾತೂ ಹೀಗೆಯೇ. ತೋಳನ್ನು ಗಡಿಯಾರದ ಲೋಲಕದಂತೆ ಬೀಸಿ ಬಲಗೈಯವನು ಮಾಡುವ ಸರ್ವೀಸು ಎದುರಾಳಿಯ ಎಡಕ್ಕೆ ಬಾಗುತ್ತದೆ. ಎಡಗೈಯವನು ಮಾಡಿದರೆ ಅದು ಎದುರಾಳಿಯ ಬಲಕ್ಕೆ ಬಾಗಿ, ಮೇಜಿನ ಅಂಚಿನಿಂದ ಆಚೆಗೆ ಸರಿದು ಹೋಗುತ್ತದೆ. ಅದನ್ನು ಹಿಡಿಯಲು ಬಲಗೈಯವನು ಮೂಲೆಗೆ ಓಡಿದರೆ ಅವನ ಎಡಭಾಗವೆಲ್ಲ ಬಯಲು.

ಈ ಬಲದ ಫಲವನ್ನು ಚರಿತ್ರೆ ದಾಖಲಿಸಿದೆ. 1953ರಿಂದೀಚೆಗೆ ಪುರುಷರ ವಿಶ್ವ ಸಿಂಗಲ್ಸ್ ಪ್ರಶಸ್ತಿ ಯೂರೋಪಿಗೆ ದಕ್ಕಿರಲಿಲ್ಲ. ಏಷ್ಯಾದವರೇ ಅದನ್ನು ಆಳುತ್ತಿದ್ದರು. 1971ರಲ್ಲಿ ಜಪಾನಿನ ನಗೋಯಾದಲ್ಲಿ ಆ ಸರಪಳಿಯನ್ನು ಮುರಿದವನು ಸ್ವೀಡನ್ನಿನ ಸ್ಟೆಲಾನ್ ಬೆಂಗ್ಟ್‌ಸನ್. ವಯಸ್ಸು 18, ಕೈ ಎಡಗೈ. 1988ರಲ್ಲಿ ಸೋಲ್ ನಗರದಲ್ಲಿ ಈ ಆಟವು ಒಲಿಂಪಿಕ್ಸಿಗೆ ಮೊದಲ ಬಾರಿ ಪ್ರವೇಶಿಸಿದಾಗ ಮಹಿಳೆಯರ ಸಿಂಗಲ್ಸ್ ಚಿನ್ನ ಪಡೆದ ಚೀನಾದ ಚೆನ್ ಜಿಂಗ್ ಎಡಗೈಯವಳು. 1993ರ ವಿಶ್ವವಿಜೇತ, ಫ್ರಾನ್ಸಿನ ಗಾಟಿಯೆನ್ ಎಡಗೈಯವನು. 2016ರಲ್ಲಿ ರಿಯೋ ನಗರದಲ್ಲಿ ಚಿನ್ನ ಗೆದ್ದ ಡಿಂಗ್ ನಿಂಗ್, 2025ರಲ್ಲಿ ದೋಹಾದಲ್ಲಿ ವಿಶ್ವವಿಜೇತನಾದ ವಾಂಗ್ ಚುಚಿನ್ — ಇವರೂ ಎಡಗೈಯವರೇ.

ಆದರೆ ಎಡಗೈಯ ನಿಜವಾದ ಸಾಮ್ರಾಜ್ಯ ಡಬಲ್ಸ್ ಆಟ. ಅಲ್ಲಿನ ನಿಯಮದಂತೆ ಜೋಡಿಯ ಇಬ್ಬರೂ ಒಬ್ಬರಾದ ಮೇಲೊಬ್ಬರು ಹೊಡೆಯಬೇಕು. ಬಲಗೈಯವರಿಬ್ಬರೂ ಫೋರ್‌ಹ್ಯಾಂಡಿಗಾಗಿ ಎಡಮೂಲೆಯನ್ನೇ ಬಯಸುತ್ತಾರೆ. ಆದುದರಿಂದ ಹೊಡೆದವನು ಇನ್ನೊಬ್ಬನ ಬೆನ್ನ ಹಿಂದೆ ಸುತ್ತಿ ಬರಬೇಕು. ಒಬ್ಬನು ಎಡಗೈಯವನಾದರೆ ಅವನ ನೆಲೆ ಬಲಮೂಲೆ, ಜೊತೆಗಾರನದು ಎಡಮೂಲೆ. ಹೆಜ್ಜೆ ಒಳಗಿಟ್ಟು ಹೊಡೆದು, ಹೆಜ್ಜೆ ಹೊರಗಿಟ್ಟು ದಾರಿ ಬಿಟ್ಟರೆ ಸಾಕು. ಅಲ್ಲದೆ ಡಬಲ್ಸ್‌ನಲ್ಲಿ ಸರ್ವೀಸು ಸ್ವೀಕರಿಸುವವರ ಬಲ ಅರ್ಧಕ್ಕೇ ಬೀಳಬೇಕು. ಬದಿಗೆ ನಿಂತ ಎಡಗೈಯವನಿಗೆ ಆ ಅರ್ಧವೆಲ್ಲ ಫೋರ್‌ಹ್ಯಾಂಡಿನ ಎದುರಿಗೇ ಇರುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಚೀನಾದ ಲೂ ಲಿನ್ ಮತ್ತು ವಾಂಗ್ ತಾವೊ, ಜರ್ಮನಿಯ ಫೆಟ್ಸ್‌ನರ್ ಮತ್ತು ರಾಸ್‌ಕೋಫ್ ಎದುರಾದರು. ಎರಡು ಜೋಡಿಗಳಲ್ಲಿಯೂ ಒಂದು ಕೈ ಬಲ, ಒಂದು ಕೈ ಎಡ! ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ, ಮಿಶ್ರ ಡಬಲ್ಸ್ ಅಂತಿಮ ಪಂದ್ಯದಲ್ಲಿಯೂ ಹಾಗೆಯೇ ಆಯಿತು. ಎಡಗೈಯ ಮಿಝುತಾನಿ ಮತ್ತು ಬಲಗೈಯ ಮಿಮಾ ಇತೊ, ಚೀನಾದ ಎಡಗೈಯ ಶು ಶಿನ್ ಮತ್ತು ಬಲಗೈಯ ಲ್ಯೂ ಷಿವೆನ್ ಜೋಡಿಯನ್ನು ಸೋಲಿಸಿ, ಟೇಬಲ್ ಟೆನ್ನಿಸ್ಸಿನಲ್ಲಿ ಜಪಾನಿಗೆ ಮೊದಲ ಒಲಿಂಪಿಕ್ ಚಿನ್ನ ತಂದರು.

ಹಾಗೆಂದು ಎಡಗೈಯೇ ಗೆಲುವಿನ ಮಂತ್ರವೆಂದು ಭ್ರಮಿಸಬಾರದು. ಅದೇ ಲೂ ಲಿನ್ ಮತ್ತು ವಾಂಗ್ ತಾವೊ ಜೋಡಿಯನ್ನು 1996ರ ಅಟ್ಲಾಂಟಾ ಅಂತಿಮ ಪಂದ್ಯದಲ್ಲಿ ಸೋಲಿಸಿದವರು ಕೊಂಗ್ ಲಿಂಗ್‌ಹುಯಿ ಮತ್ತು ಲ್ಯೂ ಗುವೊಲಿಯಾಂಗ್, ಇಬ್ಬರೂ ಬಲಗೈಯವರು. ಸ್ವೀಡನ್ನಿನ ವಾಲ್ಡ್‌ನರ್, ಚೀನಾದ ಮಾ ಲಾಂಗ್ ಮೊದಲಾದ ಮಹಾ ಆಟಗಾರರೂ ಬಲಗೈಯವರೇ. ಅಪರೂಪವಾದದ್ದು ಪರಿಚಿತವಾದೊಡನೆ ಅದರ ಬೆರಗು ಇಳಿಯುತ್ತದೆ. ಆದರೆ ಪರಿಚಯಕ್ಕೆ ವೇಳೆ ಬೇಕು. 2001ರಲ್ಲಿ ಒಂದು ಗೇಮಿನ ಅಂಕಗಳನ್ನು 21ರಿಂದ 11ಕ್ಕೆ ಇಳಿಸಿದ ಮೇಲೆ ಆ ವೇಳೆಯೂ ಕಿರಿದಾಯಿತು. ನಾಲ್ಕು ಸರ್ವೀಸುಗಳನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಗೇಮಿನ ಮೂರನೆಯ ಒಂದು ಪಾಲು ಕಳೆದು ಹೋಗುತ್ತದೆ. ಆದುದರಿಂದಲೇ ದೊಡ್ಡ ತಂಡಗಳು ಅಭ್ಯಾಸಕ್ಕೆಂದೇ ಎಡಗೈಯ ಜೊತೆಗಾರರನ್ನು ಇರಿಸಿಕೊಳ್ಳುತ್ತವೆ.

ಈ ಚರಿತ್ರೆಯಿಂದ ಉಪಾಧ್ಯಾಯರಾದ ನಾವು ಕಲಿಯಬೇಕಾದುದುಂಟು. ಎಡಗೈಯ ಮಗುವಿಗೆ ಆಟ ಕಲಿಸುವಾಗ ಬಲಗೈಯ ಉಪಾಧ್ಯಾಯನು ಅದರ ಎದುರಿಗೆ ನಿಲ್ಲಲಿ. ಕನ್ನಡಿಯ ಬಿಂಬದಂತೆ ಮಗು ಅವನನ್ನು ಅನುಸರಿಸುತ್ತದೆ. ಬಲಗೈಯ ಮಕ್ಕಳಿಗೆ ಅವನು ಪಕ್ಕದಲ್ಲಿ ನಿಂತು ತೋರಿಸಲಿ. ಎಡಗೈಯ ಮಗುವಿಗೆ ಮೊದಲು ಕಾಲಿನ ಹೆಜ್ಜೆ, ಆಮೇಲೆ ಬಲಮೂಲೆಯಿಂದ ಕರ್ಣವಾಗಿ ಹೋಗುವ ಸರ್ವೀಸು, ಅದಾದ ಮೇಲೆ ನೇರ ಗೆರೆಯ ಹೊಡೆತ — ಈ ಕ್ರಮ ಒಳ್ಳೆಯದು. ಬರಿಯ ಸರ್ವೀಸಿನ ಸೊಬಗನ್ನು ನೆಚ್ಚಿಕೊಂಡು ಬ್ಯಾಕ್‌ಹ್ಯಾಂಡನ್ನು ಕಡೆಗಣಿಸಿದವನನ್ನು ಎದುರಾಳಿ ಬೇಗನೆ ಕಂಡುಹಿಡಿಯುತ್ತಾನೆ. ಇನ್ನು ಬಲಗೈಯ ಮಕ್ಕಳು ಎಡಗೈಯವನ ಎದುರು ಒಂದು ಹೆಜ್ಜೆ ಬಲಕ್ಕೆ ನಿಂತು ಸರ್ವೀಸನ್ನು ಕಾಯಲಿ. ಮೊದಲು ಅವನ ಫೋರ್‌ಹ್ಯಾಂಡಿನ ದೂರದ ಅಂಚಿಗೆ ಹೊಡೆದು ಅವನನ್ನು ಅತ್ತ ಸೆಳೆದು, ಬಳಿಕ ತೆರೆದ ಬ್ಯಾಕ್‌ಹ್ಯಾಂಡಿಗೆ ಹೊಡೆಯಲಿ. ಒಳ್ಳೆಯ ಮೇಜಿಲ್ಲದ ಶಾಲೆಯಲ್ಲಿ ಎರಡು ಡೆಸ್ಕುಗಳನ್ನು ಜೋಡಿಸಿಯಾದರೂ ಇದನ್ನು ಆರಂಭಿಸಬಹುದು.

ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಎಡಗೈಯವರು ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಅವರನ್ನು ತಿದ್ದಿಬಿಟ್ಟರೆ ನಷ್ಟ ಅವರೊಬ್ಬರದಲ್ಲ. ಅವರೆದುರು ಆಡಿ ಕಲಿಯಬೇಕಾಗಿದ್ದ ಉಳಿದ ಮಕ್ಕಳದೂ ಹೌದು. ಬೆಂಗ್ಟ್‌ಸನ್ನನ ಕೈಗೆ, ಚೆನ್ ಜಿಂಗಳ ಕೈಗೆ ಬಾಲ್ಯದಲ್ಲಿ ಯಾರಾದರೂ ಬ್ಯಾಟನ್ನು ಬದಲಾಯಿಸಿ ಕೊಟ್ಟಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ. ಬಳಪವಾಗಲಿ, ಬ್ಯಾಟಾಗಲಿ, ಮಗು ಯಾವ ಕೈ ನೀಡುತ್ತದೆಯೋ ಆ ಕೈಗೇ ಕೊಡೋಣ.