ಚಿಕುನ್‌ಗುನ್ಯಾ: ಕರ್ನಾಟಕದಲ್ಲಿ ವೈರಾಣುವಿನ ವಂಶಾವಳಿ

ಚಿಕುನ್‌ಗುನ್ಯಾ ಈಡಿಸ್ ಸೊಳ್ಳೆಗಳಿಂದ ಹರಡುವ ವೈರಾಣು ಜ್ವರ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೀಲುನೋವು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಭಾರತದಲ್ಲಿ ಇದು 1963ರಲ್ಲಿ ಕೋಲ್ಕತ್ತದಲ್ಲಿ, ಮರುವರ್ಷ ಚೆನ್ನೈಯಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡು, ಆಮೇಲೆ ಮೂರು ದಶಕ ಹೆಚ್ಚುಕಡಿಮೆ ಮರೆತೇಹೋಗಿತ್ತು. 2005ರ ಕೊನೆಗೆ ಆಂಧ್ರಪ್ರದೇಶದಲ್ಲಿ ಮತ್ತೆ ತಲೆಯೆತ್ತಿತು. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳ ಪೈಕಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವೇ.

ಹೋದ ರೋಗವೇ ಮರಳಿತೋ, ಹೊಸದು ಬಂತೋ ಎಂಬುದನ್ನು ಹೇಳಿದ್ದು ವೈರಾಣುವಿನ ಆರ್‌ಎನ್‌ಎ. ಅದರಲ್ಲಿರುವುದು ಸುಮಾರು 11,800 ಅಕ್ಷರಗಳು. ವೈರಾಣು ತನ್ನ ಪ್ರತಿ ಮಾಡಿಕೊಳ್ಳುವಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪೀಳಿಗೆಗೂ ಇಳಿಯುತ್ತದೆ. ಓಲೆಗರಿಗಳಲ್ಲಿ ಲಿಪಿಕಾರರು ಮಾಡಿದ ತಪ್ಪುಗಳನ್ನು ಹೋಲಿಸಿ ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ಗ್ರಂಥಸಂಪಾದಕರು ತೀರ್ಮಾನಿಸುವ ಕ್ರಮವೂ ಇದೇ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ಅದರ ಬೆಂಗಳೂರು ಘಟಕದ ವಿಜ್ಞಾನಿಗಳು 2006ರಲ್ಲಿ ಹೊಸ ಮಾದರಿಗಳನ್ನು ಹಳೆಯವುಗಳೊಂದಿಗೆ ಹೋಲಿಸಿದಾಗ ಉತ್ತರ ಸಿಕ್ಕಿತು. 1963–73ರದು ಏಷ್ಯಾದ ತಳಿ. ಈಗ ಬಂದದ್ದು ಪೂರ್ವ–ಮಧ್ಯ–ದಕ್ಷಿಣ ಆಫ್ರಿಕಾದ ತಳಿ. 2004ರಲ್ಲಿ ಕೆನ್ಯಾದ ಕರಾವಳಿಯಲ್ಲಿ ಎದ್ದ ಪಿಡುಗೇ ಇದರ ಮೂಲ. ಅಲ್ಲಿಂದ ವೈರಾಣು ಹಿಂದೂ ಮಹಾಸಾಗರದ ದ್ವೀಪಗಳಿಗೂ ಭಾರತಕ್ಕೂ ಬೇರೆ ಬೇರೆಯಾಗಿ ಹಬ್ಬಿತೆಂದು ಮುಂದಿನ ಅಧ್ಯಯನಗಳು ತೋರಿಸಿದವು.

ಕರ್ನಾಟಕದ ಮಟ್ಟಿಗೆ ಇನ್ನೂ ಮಹತ್ವದ್ದು 2008ರ ದಕ್ಷಿಣ ಕನ್ನಡದ ಪ್ರಕರಣ. ಅಲ್ಲಿಯ ಮಾದರಿಗಳನ್ನು ಪರೀಕ್ಷಿಸಿದ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ, ವೈರಾಣುವಿನ ಇ1 ಎಂಬ ಹೊರಕವಚದ ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನೀನ್ ಎಂಬ ಅಮೈನೋ ಆಮ್ಲ ಹೋಗಿ ವೇಲೀನ್ ಬಂದಿರುವುದನ್ನು 2009ರಲ್ಲಿ ವರದಿ ಮಾಡಿತು. ಆರ್‌ಎನ್‌ಎಯಲ್ಲಿ ಒಂದೇ ಅಕ್ಷರದ ಬದಲಾವಣೆ. ಆದರೆ ಅದರಿಂದ ವೈರಾಣುವಿಗೆ ಏಷ್ಯಾದ ಹುಲಿಸೊಳ್ಳೆ, ಅಂದರೆ ಈಡಿಸ್ ಆಲ್ಬೊಪಿಕ್ಟಸ್, ಹೆಚ್ಚು ಒಗ್ಗಿತು. ಪಟ್ಟಣದ ಮನೆಗಳನ್ನು ನೆಚ್ಚಿದ ಈಡಿಸ್ ಈಜಿಪ್ಟಿಯಂತಲ್ಲದೆ, ಇದು ತೋಟದ ಸೊಳ್ಳೆ. ರಬ್ಬರ್ ಹಾಲು ಹಿಡಿಯುವ ಗೆರಟೆಯಲ್ಲಿ, ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಂತರೆ ಅದಕ್ಕೆ ಅಷ್ಟೇ ಸಾಕು.

ಇದೇ ಬದಲಾವಣೆ ರೀಯೂನಿಯನ್ ದ್ವೀಪದಲ್ಲಿ 2005–06ರಲ್ಲೂ ಕೇರಳದಲ್ಲಿ 2007ರಲ್ಲೂ ಕಂಡಿತ್ತು. ಹಾಗಾದರೆ ರೀಯೂನಿಯನ್‌ನಿಂದಲೇ ಕೇರಳಕ್ಕೆ ಬಂತೆ? ಇಲ್ಲ. ಪೂರ್ಣ ಜೀನೋಮ್ ಹೋಲಿಸಿದಾಗ, ಎರಡೂ ಕಡೆ ಅದು ಸ್ವತಂತ್ರವಾಗಿ ಹುಟ್ಟಿತೆಂದು ತಿಳಿಯಿತು. ಹುಲಿಸೊಳ್ಳೆ ಹೇರಳವಾಗಿರುವಲ್ಲಿ ಈ ಬದಲಾವಣೆಗೆ ಮೇಲುಗೈ. ಒಂದು ಗುರುತನ್ನು ನಂಬಿ ದಾರಿ ಗೆರೆ ಎಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ನಂತರದ ವರ್ಷಗಳಲ್ಲಿ ಉತ್ತರ ಭಾರತದ ನಗರಗಳಲ್ಲಿ ಈ ಗುರುತೇ ಇಲ್ಲದ, ಇ1ರ 211ನೇ ಮತ್ತು ಇ2 ಎಂಬ ಇನ್ನೊಂದು ಹೊರಕವಚದ ಪ್ರೋಟೀನಿನ 264ನೇ ಸ್ಥಾನಗಳಲ್ಲಿ ಬದಲಾದ ವೈರಾಣು ಹಬ್ಬಿತು. ಅದು ಈಜಿಪ್ಟಿ ಸೊಳ್ಳೆಗೆ ಒಗ್ಗಿದ್ದು.

ಮೈಸೂರು ನಗರಕ್ಕೆ ಈ ವ್ಯತ್ಯಾಸ ಬರೀ ಪ್ರಯೋಗಾಲಯದ ಮಾತಲ್ಲ. ಒಂದು ಹೆದ್ದಾರಿ ವಯನಾಡಿಗೆ, ಇನ್ನೊಂದು ಕೊಡಗಿನ ಮೂಲಕ ಕರಾವಳಿಗೆ ಹೋಗುವ ಊರಿದು. ಬಂದ ತಳಿ ಯಾವುದೆಂದು ತಿಳಿದರೆ ಸಂಪು, ಡ್ರಮ್ಮು, ಹಿತ್ತಲಿನ ಒರಳುಕಲ್ಲುಗಳ ಮೇಲೆ ಹೆಚ್ಚು ಕಣ್ಣಿಡಬೇಕೋ, ಹೊರವಲಯದ ತೋಟಗಳ ಮೇಲೋ ಎಂಬುದಕ್ಕೆ ಸುಳಿವು ಸಿಗುತ್ತದೆ. ಮೈಸೂರು ವೈದ್ಯಕೀಯ ಕಾಲೇಜು ಐಸಿಎಂಆರ್‌ನ ವೈರಾಣು ಪ್ರಯೋಗಾಲಯ ಜಾಲದಲ್ಲಿದೆ. ಆದರೆ ಸಾಮಾನ್ಯವಾಗಿ ಮಾಡುವ ಎಲೈಸಾ ಪರೀಕ್ಷೆ ಪ್ರತಿಕಾಯವನ್ನು ಗುರುತಿಸುತ್ತದೆಯೇ ಹೊರತು ತಳಿಯನ್ನು ಹೇಳದು. ತಳಿ ತಿಳಿಯಲು ವೈರಾಣುವೇ ಬೇಕು. ಅದು ರಕ್ತದಲ್ಲಿ ಹೇರಳವಾಗಿ ಸಿಗುವುದು ಜ್ವರದ ಮೊದಲ ಐದಾರು ದಿನ ಮಾತ್ರ.