ದಾಹಕ್ಕಿಂತ ಬೇಟೆ: ಜಾಗ್ವಾರ್ ಮತ್ತು ನೀರಿನ ನಂಟು

ಜಾಗ್ವಾರ್ ನೀರನ್ನು ಬಿಟ್ಟಿರಲಾರದ ಬೆಕ್ಕು ಎನ್ನುವುದು ವನ್ಯಜೀವಿ ಬರಹಗಳಲ್ಲಿ ರೂಢಿಯಾದ ಮಾತು. ಅದು ಅರ್ಧ ಮಾತ್ರ ನಿಜ. ಈ ಪ್ರಾಣಿಗೆ ನೀರು ಬೇಕಾಗಿರುವುದು ಬಾಯಾರಿಕೆಗಿಂತ ಹೆಚ್ಚಾಗಿ ಬೇಟೆಗೆ. ಅದರ ಮೈಕಟ್ಟು, ಸಂಖ್ಯೆ, ಒಂಟಿಯಾಗಿ ಬದುಕುವ ಸ್ವಭಾವ ಎಲ್ಲವೂ ನೀರು ಸಾಕುವ ಬಲಿಪ್ರಾಣಿಗಳನ್ನು ಅವಲಂಬಿಸಿವೆ ಎಂಬುದು ಇಲ್ಲಿನ ವಾದ.

ಬಾಯಾರಿಕೆಯ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಹಸಿಮಾಂಸದ ತೂಕದಲ್ಲಿ ಸುಮಾರು ಶೇ. 70ರಷ್ಟು ನೀರೇ ಇರುತ್ತದೆ. ಬೆಕ್ಕಿನ ಕುಟುಂಬದ ಮೂತ್ರಪಿಂಡಗಳು ಮೂತ್ರವನ್ನು ಗಟ್ಟಿಗೊಳಿಸಿ ಆ ನೀರನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ಹಾಗಾಗಿಯೇ ಬ್ರೆಜಿಲ್‌ನ ಕಾಟಿಂಗ ಕುರುಚಲು ಕಾಡಿನಲ್ಲಿ, ಪರಾಗ್ವೆಯ ಒಣ ಚಾಕೊ ಬಯಲಿನಲ್ಲಿ, ಮೆಕ್ಸಿಕೊದ ಸೊನೊರಾದಲ್ಲಿ ಕೂಡ ಜಾಗ್ವಾರ್ ಬದುಕಿದೆ. ಅಲ್ಲಿ ಅದು ನೀರಿನ ಗುಂಡಿಗಳಿಗೆ ಬಂದು ಕುಡಿಯುವುದು ನಿಜ. ಆದರೆ ಒಣನಾಡಿನಲ್ಲಿ ಬೇಟೆ ವಿರಳ. ಚಾಕೊದಲ್ಲಿ ಒಂದೊಂದು ಜಾಗ್ವಾರ್ ನೂರಾರು ಚದರ ಕಿಲೊಮೀಟರ್ ಸುತ್ತಬೇಕಾಗುತ್ತದೆ.

ಇನ್ನು ಮೈಕಟ್ಟಿನ ಮಾತು. ಹುಲಿ, ಸಿಂಹಗಳ ನಂತರದ ದೊಡ್ಡ ಬೆಕ್ಕು ಜಾಗ್ವಾರ್. ಚಿರತೆಯನ್ನು ಬಲ್ಲ ನಮಗೆ ಮೊದಲ ನೋಟಕ್ಕೆ ಎರಡೂ ಒಂದೇ ಎನಿಸುತ್ತವೆ. ಆದರೆ ಜಾಗ್ವಾರ್‌ನ ತಲೆ ದಪ್ಪ, ಕಾಲು ಗಿಡ್ಡ, ಬಾಲ ಮೋಟು. ಮೈಮೇಲಿನ ಉಂಗುರಗಳ ಒಳಗೂ ಚುಕ್ಕೆಗಳಿರುತ್ತವೆ. ಮಧ್ಯ ಅಮೆರಿಕದ ಗಂಡು 50–60 ಕಿಲೊ ತೂಗಿದರೆ, ಪಂಟನಾಲ್ ಜೌಗುನೆಲದ ಗಂಡು 100 ಕಿಲೊ ಆಸುಪಾಸು, ಕೆಲವು ಅದಕ್ಕೂ ಮೀರಿ ತೂಗುತ್ತವೆ. 1980ರ ದಶಕದಲ್ಲಿ ಬೆಲೀಜ್‌ನಲ್ಲಿ ವನ್ಯಜೀವಿ ತಜ್ಞ ಅಲನ್ ರಾಬಿನೋವಿಟ್ಜ್ ಕಂಡ ಜಾಗ್ವಾರ್‌ಗಳ ಮುಖ್ಯ ಆಹಾರ ಪುಟ್ಟ ಆರ್ಮಡಿಲೊ. ಪಂಟನಾಲ್‌ನಲ್ಲಾದರೋ ಕ್ಯಾಪಿಬಾರ, ಕೇಮನ್ ಮೊಸಳೆ, ಜೊತೆಗೆ ರೈತರ ದನ. ತೂಕದ ಈ ಅಂತರಕ್ಕೆ ಬಲಿಯ ಗಾತ್ರವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಕೇಮನ್ ಬೇಟೆಯಲ್ಲಿ ಆ ಮೈಕಟ್ಟಿನ ಅರ್ಥ ತಿಳಿಯುತ್ತದೆ. ದಡದ ಮರೆಯಲ್ಲಿ ಹೊಂಚು ಹಾಕಿದ ಜಾಗ್ವಾರ್ ಮೇಲಿಂದ ಹಾರಿ, ಗಂಟಲನ್ನು ಬಿಟ್ಟು ತಲೆಯ ಹಿಂಬದಿಗೆ ಬಾಯಿ ಹಾಕುತ್ತದೆ. ಗಿಡ್ಡ ದವಡೆಯ ಬಲಕ್ಕೆ ಕೋರೆಹಲ್ಲು ಬುರುಡೆಯನ್ನೋ ಕತ್ತಿನ ಮೂಳೆಯನ್ನೋ ಸೀಳಿತೆಂದರೆ ಮೊಸಳೆಯ ಒದ್ದಾಟ ನಿಂತಿತು. ಕಚ್ಚಿದ ಹಿಡಿತ ಸಡಿಲಿಸದೆ ಈಜಿ ಬಂದು, ಹಿಮ್ಮೆಟ್ಟುತ್ತ ಅದನ್ನು ದಡಕ್ಕೆ ಎಳೆಯುತ್ತದೆ.

ಪಂಟನಾಲ್‌ನ ಉತ್ತರ ಭಾಗದ ತಾಯಮಾ ರಕ್ಷಿತ ಪ್ರದೇಶದ ಅಧ್ಯಯನ ಇನ್ನೂ ಮುಖ್ಯವಾದದ್ದು. ಅಲ್ಲಿ ಪರೀಕ್ಷಿಸಿದ ಹಿಕ್ಕೆಗಳಲ್ಲಿ ಶೇ. 55ರಲ್ಲಿ ಸರೀಸೃಪ, ಶೇ. 46ರಲ್ಲಿ ಮೀನು ಸಿಕ್ಕರೆ ಸಸ್ತನಿಗಳು ಸಿಕ್ಕಿದ್ದು ಶೇ. 11ರಲ್ಲಿ ಮಾತ್ರ. 100 ಚದರ ಕಿಲೊಮೀಟರಿಗೆ 12ಕ್ಕೂ ಹೆಚ್ಚು ಜಾಗ್ವಾರ್‌ಗಳಿದ್ದವು. ಬೆಳೆದ ಪ್ರಾಣಿಗಳು ಜೊತೆಯಾಗಿ ತಿರುಗುವುದು, ಮೀನು ಹಿಡಿಯುವುದು, ಆಟವಾಡುವುದು ಕಂಡುಬಂದಿತು. ಜಾಗ್ವಾರ್ ಒಂಟಿಬಡುಕ ಎಂಬ ಪಠ್ಯಪುಸ್ತಕದ ಮಾತನ್ನು ಇನ್ನು ಮುಂದೆ 'ಬೇಟೆ ವಿರಳವಾಗಿರುವ ಕಡೆ' ಎಂಬ ಷರತ್ತಿನೊಡನೆ ಬರೆಯುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾಗಿ, ಅಮೆಜಾನ್‌ನ ಮಮಿರಾವಾ ಕಾಡಿನಲ್ಲಿ ನೀರು ಅನುಕೂಲವಲ್ಲ, ಅಡ್ಡಿ. ಅಲ್ಲಿ ನೆರೆ ಹತ್ತು ಮೀಟರಿಗೂ ಹೆಚ್ಚು ಏರಿ, ವರ್ಷದಲ್ಲಿ ಮೂರು-ನಾಲ್ಕು ತಿಂಗಳು ಕಾಡಿನ ನೆಲವೇ ಮುಳುಗಿಹೋಗುತ್ತದೆ. ಜಾಗ್ವಾರ್‌ಗಳು ಒಣನೆಲ ಹುಡುಕಿ ಹೊರಡಬೇಕಿತ್ತು. ಆದರೆ ರೇಡಿಯೊ ಕಾಲರ್ ತೊಡಿಸಿ ಹಿಂಬಾಲಿಸಿದಾಗ ಅವು ಮರದ ಮೇಲೇ ಇದ್ದು, ಒಂದು ಮರದಿಂದ ಇನ್ನೊಂದಕ್ಕೆ ಈಜುತ್ತ, ಮರಿಗಳನ್ನೂ ಅಲ್ಲೇ ಸಾಕುವುದು ತಿಳಿಯಿತು. ಇಲ್ಲೂ ಅವನ್ನು ಹಿಡಿದಿಡುವುದು ಬೇಟೆಯೇ: ಮುಳುಗಿದ ಕಾಡಿನಲ್ಲೂ ಕೊಂಬೆಗಳ ಮೇಲೆ ಸ್ಲಾತ್ ಮತ್ತು ಹೌಲರ್ ಕೋತಿಗಳು, ಕೆಳಗೆ ಕೇಮನ್‌ಗಳು ಇದ್ದೇ ಇರುತ್ತವೆ.