ಯುಎಸ್‌ಬಿ ದತ್ತಾಂಶ ಸಂಗ್ರಹಣ ಫಲಕಗಳ ಗುರುತಿಸುವಿಕೆ

ದತ್ತಾಂಶ ಸಂಗ್ರಹಣ ಫಲಕವು ಸಂವೇದಕಗಳಿಂದ ಬರುವ ವಿದ್ಯುತ್ ಸಂಕೇತಗಳನ್ನು ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಕಳುಹಿಸುವ ಸಾಧನವಾಗಿದೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಮೋಟರು, ಪಂಪುಗಳ ಪರೀಕ್ಷೆಗೆ ಒಂದೇ ಮಾದರಿಯ ಹಲವು ಫಲಕಗಳನ್ನು ಒಂದು ಗಣಕಯಂತ್ರಕ್ಕೆ ಜೋಡಿಸಬೇಕಾಗಬಹುದು. ಆಗ ಫಲಕಗಳು ಅದಲುಬದಲಾದರೆ ಒಂದು ಮೋಟರಿನ ಉಷ್ಣತೆ ಇನ್ನೊಂದರ ಹೆಸರಿನಲ್ಲಿ ದಾಖಲಾಗುತ್ತದೆ. ಅಂಕಿಗಳು ಸಹಜವಾಗಿಯೇ ಕಾಣುವುದರಿಂದ ಈ ದೋಷವು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಕಾರಣ

1996ರಲ್ಲಿ ಪ್ರಕಟವಾದ ಯುಎಸ್‌ಬಿ ಮಾನದಂಡದಂತೆ, ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಗಣಕಯಂತ್ರವೇ 1ರಿಂದ 127ರೊಳಗಿನ ಒಂದು ವಿಳಾಸವನ್ನು ನೀಡುತ್ತದೆ. ವಿದ್ಯುತ್ ಹೋಗಿ ಬಂದಾಗ ಅಥವಾ ಕೇಬಲ್ ಕಳಚಿ ಮತ್ತೆ ಜೋಡಿಸಿದಾಗ ಇದು ಬದಲಾಗಬಹುದು. ತಯಾರಕ ಸಂಖ್ಯೆ ಮತ್ತು ಉತ್ಪನ್ನ ಸಂಖ್ಯೆಗಳು ಬದಲಾಗುವುದಿಲ್ಲ. ಆದರೆ ಒಂದೇ ಮಾದರಿಯ ಎಲ್ಲ ಫಲಕಗಳಲ್ಲಿಯೂ ಅವು ಒಂದೇ ಆಗಿರುತ್ತವೆ.

ವಿಧಾನಗಳು

* ಕ್ರಮಸಂಖ್ಯೆ: ಫಲಕದೊಳಗೆ ದಾಖಲಾಗಿರುವ ಪ್ರತ್ಯೇಕ ಸಂಖ್ಯೆಯನ್ನು ತಂತ್ರಾಂಶವು ಓದುತ್ತದೆ. ಇದು ಹೆಚ್ಚು ವಿಶ್ವಾಸಾರ್ಹವಾದ ವಿಧಾನ. ಆದರೆ ಮಾನದಂಡದಲ್ಲಿ ಈ ಸಂಖ್ಯೆ ಕಡ್ಡಾಯವಲ್ಲ.
* ಪೋರ್ಟಿನ ಸ್ಥಾನ: ಕ್ರಮಸಂಖ್ಯೆ ಇಲ್ಲದಿದ್ದಲ್ಲಿ, ಫಲಕವು ಯಾವ ಹಬ್ಬಿನ ಯಾವ ಪೋರ್ಟಿನಲ್ಲಿದೆ ಎಂಬುದನ್ನು ಆಧರಿಸಲಾಗುತ್ತದೆ. ಕೇಬಲ್ ಸ್ಥಾನ ಬದಲಿಸಿದರೆ ಗುರುತು ತಪ್ಪುತ್ತದೆ.
* ದೀಪದ ಸೂಚನೆ: ಕೆಲವು ಫಲಕಗಳ ಎಲ್‌ಇಡಿ ದೀಪವನ್ನು ತಂತ್ರಾಂಶದಿಂದ ಮಿನುಗಿಸಿ, ಪರದೆಯ ಮೇಲಿನ ಹೆಸರು ಯಾವ ಫಲಕದ್ದೆಂದು ಕಣ್ಣಾರೆ ಖಚಿತಪಡಿಸಿಕೊಳ್ಳಬಹುದು.

ಹೀಗೆ ಗುರುತಿಸಿದ ಪ್ರತಿ ಫಲಕದ ಹೊರಮೈಗೆ ಅದರ ಸಂಖ್ಯೆಯ ಚೀಟಿ ಅಂಟಿಸುವುದು ಉಪಯುಕ್ತ.